ಕೇಬಲ್ ಟಿವಿ ಕಂಪ್ಯೂಟರ್‌ಗೆ ಸರಿಯಾಗಿ ರೆಕಾರ್ಡ್ ಆಗ್ತಿಲ್ವಾ? ಚಿತ್ರ ಹೇಗೆ ಕೆಟ್ಟಿದೆ ಅನ್ನೋದನ್ನು ಮೊದಲು ನೋಡಿ

ಅವ್ವನ ಏಳೂವರೆ ಗಂಟೆಯ ಧಾರಾವಾಹಿಯನ್ನು ರೆಕಾರ್ಡ್‌ಗೆ ಹಾಕಿದ್ದೆ. ಮರುದಿನ ಮಧ್ಯಾಹ್ನ ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಳು. ಫೈಲ್ ತೆರೆದರೆ ಅರ್ಧ ಗಂಟೆ ಪೂರ್ತಿ ನೀಲಿ ಪರದೆ. "ಏನಲೇ, ಬರೇ ಆಕಾಶ ತೋರ್ಸಾಕತ್ತೀಯಲ್ಲ?" ಅಂದಳು.

ಅದು ಮೊದಲ ದಿನ. ಆಮೇಲೆ ಎರಡು ಮಳೆಗಾಲ ಕಳೆದಿವೆ. ಚೌಕ ಚೌಕವಾಗಿ ಒಡೆದ ಮುಖ, ಕಪ್ಪು-ಬಿಳುಪು ಚಿತ್ರ, ಜೇನುಹುಳದಂಥ ಸದ್ದು, ಮಾತು ಮುಗಿದ ಮೇಲೂ ಅಲ್ಲಾಡುವ ತುಟಿ, ಎಲ್ಲ ಸರದಿಯ ಮೇಲೆ ಬಂದು ಹೋದವು. ಚಿಂಚವಡದಲ್ಲಿರುವ ನನ್ನ ಸೋದರಮಾವನೂ ಇದೇ ವ್ಯವಸ್ಥೆ ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ಒಂದು ಹೊಸ ತೊಂದರೆ ಹಿಡಿದು ಫೋನ್ ಮಾಡುತ್ತಾರೆ. ಅವರಿಗೆ ಹೇಳಿ ಹೇಳಿ ನನಗೇ ಒಂದು ಕ್ರಮ ಕೂತಿದೆ. ಅದನ್ನೇ ಬರೆದಿಡುತ್ತಿದ್ದೇನೆ.

ಇದೆಲ್ಲ ಮೊಬೈಲ್‌ನಲ್ಲೇ ಸಿಗುತ್ತಲ್ಲ ಅನ್ನುವವರಿದ್ದಾರೆ. ಸಿಗುತ್ತದೆ. ಆದರೆ ಕೇಬಲ್‌ಗೆ ಹೇಗೂ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇವೆ, ಹಳೇ ಕಂಪ್ಯೂಟರ್ ಸುಮ್ನೆ ಧೂಳು ತಿನ್ನುತ್ತಿತ್ತು, ಅವ್ವನಿಗೆ ಅಂಗೈಯಗಲದ ಪರದೆಯಲ್ಲಿ ನೋಡಿದರೆ ನೋಡಿದಂತೆಯೇ ಆಗುವುದಿಲ್ಲ.

ನಮ್ಮ ಮನೆಯ ಜೋಡಣೆ

ಪುಣೆಯ ಸಿಂಹಗಡ ರೋಡ್‌ನ ನಮ್ಮ ಸೊಸೈಟಿಯಲ್ಲಿ ಮೆಟ್ಟಿಲ ಪಕ್ಕ ಕೇಬಲ್‌ನವರ ಆಂಪ್ಲಿಫೈಯರ್ ಇದೆ. ಅಲ್ಲಿಂದ ವೈರ್ ತಾರಸಿ ಹತ್ತಿ ಇಳಿದು, ಕಿಟಕಿ ಮೂಲಕ ಮನೆಗೆ ಬಂದು ಸೆಟ್‌ಟಾಪ್ ಬಾಕ್ಸ್‌ಗೆ ಸೇರುತ್ತದೆ. ಬಾಕ್ಸ್‌ನ ಹಿಂದಿರುವ ಹಳದಿ, ಕೆಂಪು, ಬಿಳಿ ತೂತುಗಳಿಂದ ಎವಿ ವೈರ್ ಟಿವಿ ಚಿತ್ರವನ್ನು ಕಂಪ್ಯೂಟರ್‌ಗೆ ಅರ್ಥವಾಗುವಂತೆ ಮಾಡುವ ಒಂದು ಪುಟ್ಟ ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್‌ಗೆ ಹೋಗುತ್ತದೆ, ಡಾಂಗಲ್ ಕಂಪ್ಯೂಟರ್‌ಗೆ. ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೋ, ನೋಡಲು ವಿಎಲ್‌ಸಿ. ಎರಡೂ ಪುಕ್ಕಟೆ. ಡಾಂಗಲ್ ಬುಧವಾರ ಪೇಠದ ತಪಕೀರ್ ಗಲ್ಲಿಯಿಂದ ತಂದಿದ್ದು.

ವೈರನ್ನು ನೇರವಾಗಿ ಕಂಪ್ಯೂಟರ್‌ಗೇ ಚುಚ್ಚಿದರೆ ಆಗಲ್ವಾ? ಮಾವನ ಮೊದಲ ಪ್ರಶ್ನೆ ಇದು. ಅವರ ಹತ್ತಿರ ಹಳೇ ಟಿವಿ ಟ್ಯೂನರ್ ಕಾರ್ಡ್ ಇತ್ತು. ಕೇಬಲ್ ಅನಲಾಗ್ ಇದ್ದ ಕಾಲಕ್ಕೆ ಅಷ್ಟೇ ಸಾಕಿತ್ತು. ಮುಂಬೈಗೆ 2012ರ ಅಕ್ಟೋಬರ್ 31, ಪುಣೆಗೆ 2013ರ ಮಾರ್ಚ್ 31, ಇವು ಕೇಬಲ್ ಡಿಜಿಟಲ್ ಆಗಲು ಸರಕಾರ ಕೊಟ್ಟ ಗಡುವುಗಳು. ಅಲ್ಲಿಂದಾಚೆ ವೈರ್‌ನಲ್ಲಿ ಬರುವುದು ಡಿವಿಬಿ-ಸಿ ಅನ್ನುವ ಡಿಜಿಟಲ್ ಸಿಗ್ನಲ್, ಅದೂ ಬೀಗ ಜಡಿದದ್ದು. ಕೀಲಿ ಬಾಕ್ಸ್ ಒಳಗಿದೆ. ಹಳೇ ಕಾರ್ಡ್‌ಗೆ ಈ ಸಿಗ್ನಲ್ ಕೊಟ್ಟರೆ ಎಳ್ಳು ಚೆಲ್ಲಿದಂಥ ಪರದೆ ಬಿಟ್ಟು ಬೇರೇನೂ ಕಾಣಿಸದು. ಡಿವಿಬಿ-ಸಿ ಟ್ಯೂನರ್ ಕೊಂಡರೂ ಚಾನೆಲ್ ಹೆಸರುಗಳು ಸಿಕ್ಕಾವು, ಬೀಗ ಬಿದ್ದ ಚಾನೆಲ್‌ನ ಚಿತ್ರ ಸಿಗುವುದಿಲ್ಲ. ಹಾಗಂತ ಹಳೇ ಕಾರ್ಡನ್ನು ರದ್ದಿಗೆ ಹಾಕಬೇಡಿ. ಅದರ ಬೆನ್ನಿಗೆ ಹಳದಿ ತೂತಿದ್ದರೆ ಡಾಂಗಲ್ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಹೊಸ ವಿಂಡೋಸ್‌ಗೆ ಅದರ ಡ್ರೈವರ್ ಸಿಗುವುದು ಕಷ್ಟ. ಲಿನಕ್ಸ್‌ನಲ್ಲಿ ಬಿಟಿ878 ಚಿಪ್‌ನ ಮುದಿ ಕಾರ್ಡ್‌ಗಳೂ ಎದ್ದು ಕೂರುತ್ತವೆ.

ಇನ್ನು ಎಚ್‌ಡಿಎಂಐ. ಬಾಕ್ಸ್‌ನ ಎಚ್‌ಡಿಎಂಐಯಿಂದ ಬರುವ ಚಿತ್ರಕ್ಕೆ ಸಾಮಾನ್ಯವಾಗಿ ಎಚ್‌ಡಿಸಿಪಿ ಅನ್ನುವ ಇನ್ನೊಂದು ಬೀಗ ಇರುತ್ತದೆ. ಟಿವಿಗೆ ಅದು ತೆರೆಯುತ್ತದೆ, ಕ್ಯಾಪ್ಚರ್ ಕಾರ್ಡ್‌ಗೆ ತೆರೆಯುವುದಿಲ್ಲ, ಬರೀ ಕಪ್ಪು ಪರದೆ. ಇದು ದೋಷ ಅಲ್ಲ, ಹಾಗೆಯೇ ಮಾಡಿದ್ದಾರೆ. ಆ ಬೀಗ ಒಡೆಯುವ ಸಾಮಾನು ತೋರಿಸುವ ಅಂಗಡಿಯವರ ಮಾತು ಕೇಳಬೇಡಿ. 1957ರ ಕಾಪಿರೈಟ್ ಕಾಯ್ದೆಯ 39ನೇ ಸೆಕ್ಷನ್ ಮನೆಯವರು ತಮ್ಮ ಸ್ವಂತಕ್ಕೆ ಮಾಡಿಕೊಳ್ಳುವ ರೆಕಾರ್ಡಿಂಗ್‌ಗೆ ಜಾಗ ಕೊಟ್ಟಿದೆ. ಬೀಗ ಒಡೆಯೋದು ಬೇರೆ ಮಾತು, ಅದಕ್ಕೆ ಬೇರೆಯೇ ಸೆಕ್ಷನ್ ಇದೆ. ಹಳದಿ ವೈರ್ ಸಾಕು. ಅವ್ವನಿಗೆ ಇಲ್ಲಿಯವರೆಗೆ ವ್ಯತ್ಯಾಸ ಕಂಡಿಲ್ಲ.

ತೊಂದರೆ ಬಾಕ್ಸ್‌ನ ಆಚೆಯೋ, ಈಚೆಯೋ?

ಏನೇ ಕೆಟ್ಟರೂ ಮೊದಲು ಇದನ್ನು ತೀರ್ಮಾನಿಸಿ. ನಾನು ಇದನ್ನು ಕಲಿಯುವ ಮುಂಚೆ ಒಂದು ಡಾಂಗಲ್, ಎರಡು ಎವಿ ವೈರ್ ಸುಮ್ನೆ ಕೊಂಡೆ. ಕೆಟ್ಟಿದ್ದು ಮೂರೂ ಅಲ್ಲ.

ಬಾಕ್ಸ್‌ನ ಆಚೆ, ಅಂದರೆ ಗೋಡೆಯಿಂದ ಬಾಕ್ಸ್‌ವರೆಗೆ, ಸಿಗ್ನಲ್ ಡಿಜಿಟಲ್. ಈಚೆ, ಹಳದಿ ವೈರ್‌ನಲ್ಲಿ, ಅದು ಹಳೇ ಕಾಲದ ಅನಲಾಗ್. ಇವೆರಡೂ ಕೆಡುವ ರೀತಿ ಪೂರ್ತಿ ಬೇರೆ. ಡಿಜಿಟಲ್ ಕೆಟ್ಟರೆ ಚಿತ್ರ ಚೌಕಗಳಾಗಿ ಒಡೆಯುತ್ತದೆ, ಮುಖದ ಅರ್ಧ ಹಿಂದಿನ ದೃಶ್ಯದಲ್ಲೇ ಸಿಕ್ಕಿಕೊಳ್ಳುತ್ತದೆ, ಮಾತು ಕತ್ತರಿಸಿದಂತೆ ತುಂಡು ತುಂಡಾಗುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಅಲ್ಲಿ ಮಸುಕು ಅನ್ನೋದೇ ಇಲ್ಲ. ಅನಲಾಗ್ ಕೆಟ್ಟರೆ ಎಳ್ಳು ಚೆಲ್ಲಿದಂತೆ ಚುಕ್ಕಿ, ಬಣ್ಣ ಹೋಗುವುದು, ಚಿತ್ರ ಉರುಳುವುದು, ಓರೆ ಪಟ್ಟಿಗಳು, ಗುಂಯ್ ಅನ್ನುವ ಸದ್ದು. ಚೌಕ ಕಂಡರೆ ಆಚೆ ನೋಡಿ. ಚುಕ್ಕಿ, ಪಟ್ಟಿ ಕಂಡರೆ ಈಚೆ ನೋಡಿ.

ಒಂದೇ ಒಂದು ಮೋಸ ಇದರಲ್ಲಿದೆ. ರೆಕಾರ್ಡಿಂಗ್‌ನ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರೆಯುವ ಡೇಟಾ, ತೀರಾ ಕಡಿಮೆ ಇಟ್ಟರೂ ಚೌಕ ಕಾಣಿಸುತ್ತವೆ. ಆದರೆ ಅವು ಮೆತ್ತಗಿರುತ್ತವೆ, ಜನ ಓಡಾಡುವಾಗ, ಬೆಂಕಿ ನೀರು ತೋರಿಸುವಾಗ ಮಾತ್ರ ಬರುತ್ತವೆ, ಮಾತು ತುಂಡಾಗುವುದಿಲ್ಲ. ಎಚ್.264 ಅನ್ನುವ ವಿಡಿಯೋ ಕುಗ್ಗಿಸುವ ಪದ್ಧತಿಯಲ್ಲಿ ಸೆಕೆಂಡಿಗೆ 2.5 ಮೆಗಾಬಿಟ್ ಇಟ್ಟರೆ ಹಳದಿ ವೈರ್‌ನ ಚಿತ್ರಕ್ಕೆ ಸಾಕು. ಗಂಟೆಗೆ ಸುಮಾರು 1.2 ಜಿಬಿ ಆಗುತ್ತದೆ.

ಅನುಮಾನ ಉಳಿದರೆ ಬಾಕ್ಸನ್ನೇ ಎತ್ತಿಕೊಂಡು ಹೋಗಿ ಟಿವಿಗೆ ಹಚ್ಚಿ. ಎಚ್‌ಡಿಎಂಐ ಬೇಡ, ಅದೇ ಹಳದಿ ವೈರ್‌ನಿಂದಲೇ ಹಚ್ಚಿ, ಆಗ ವೈರ್‌ಗೂ ಪರೀಕ್ಷೆ ಆಗುತ್ತದೆ. ಟಿವಿಯಲ್ಲೂ ಅದೇ ತೊಂದರೆ ಬಂದರೆ ಕಂಪ್ಯೂಟರ್‌ನ ಸೆಟ್ಟಿಂಗ್ ಕೆದಕುವುದನ್ನು ಅಲ್ಲಿಗೇ ಬಿಡಿ.

ಚೌಕಗಳು, ಮತ್ತು ಕಿಟಕಿಯ ಮೂಲೆಯ ಆ ಪಿನ್

ಮಳೆ ಬಂದ ದಿನ ಮಾತ್ರ ಚಿತ್ರ ಒಡೆಯುತ್ತಿತ್ತು. ಬೆಳಿಗ್ಗೆ ಬಿಸಿಲು ಬಿದ್ದರೆ ಹತ್ತು ಗಂಟೆಯ ಹೊತ್ತಿಗೆ ತಾನೇ ಸರಿಹೋಗುತ್ತಿತ್ತು. ಕೇಬಲ್‌ವಾಲಾ ಬರುವುದು ಬಿಸಿಲು ಬಿದ್ದ ಮೇಲೆ. ಬಂದು ನೋಡಿ, ಎಲ್ಲ ಚೆನ್ನಾಗಿದೆಯಲ್ಲ ಅಂತ ಹೋಗುತ್ತಿದ್ದ. ಅವನ ತಪ್ಪಲ್ಲ ಬಿಡಿ.

ಕೊನೆಗೆ ನಾನೇ ಕಿಟಕಿಯ ಹತ್ತಿರ ಎರಡು ವೈರ್ ಸೇರುವ ಜಾಗದ ಪಿನ್ ತಿರುಗಿಸಿ ಬಿಚ್ಚಿದೆ. ಒಳಗಿಂದ ಒಂದು ಹನಿ ನೀರು ಬೆರಳಿನ ಮೇಲೆ ಬಿತ್ತು. ನಡುವಿನ ತಂತಿಯ ತುದಿ ಹಸಿರಾಗಿತ್ತು, ಬುಡದಲ್ಲಿ ಕಂದು ತುಕ್ಕು. ಸುತ್ತಲಿನ ಜಾಲರಿಯ ಎಳೆಗಳು ಸೋಸಿದ ಚಹಾಪುಡಿಯ ಹಾಗೆ ಕಪ್ಪಾಗಿ ಅಂಟಿಕೊಂಡಿದ್ದವು. ಕೇಬಲ್ ಟಿವಿಗೆ ಹಾಕುವ ಈ ಆರ್‌ಜಿ-6 ವೈರ್‌ನ ನಡುವಿನ ತಂತಿ ಬಹಳ ಸಲ ಪೂರ್ತಿ ತಾಮ್ರದ್ದಲ್ಲ, ಉಕ್ಕಿನ ಮೇಲೆ ತಾಮ್ರದ ಲೇಪ. ಕೇಬಲ್ ಸಿಗ್ನಲ್‌ನಂಥ ಹೆಚ್ಚಿನ ಫ್ರೀಕ್ವೆನ್ಸಿ ತಂತಿಯ ಚರ್ಮದಲ್ಲೇ ಹರಿಯುತ್ತದೆ, ಒಳಗೆ ಇಳಿಯುವುದಿಲ್ಲ. ಆ ತೆಳ್ಳನೆ ತಾಮ್ರ ಹೋದರೆ ಎಲ್ಲ ಹೋದಂತೆ.

ನೀರು ಒಳಗೆ ಬಂದದ್ದು ಹೇಗೆ? ವೈರ್ ತಾರಸಿಯಿಂದ ಇಳಿದು ನೇರ ಕಿಟಕಿಯ ತೂತಿಗೆ ಬರುತ್ತಿತ್ತು. ಮಳೆನೀರು ವೈರ್ ಹಿಡಿದುಕೊಂಡೇ ಜಾರಿ ಪಿನ್‌ಗೆ ಇಳಿಯುತ್ತಿತ್ತು. ಈಗ ಕಿಟಕಿಗೆ ಬರುವ ಮುಂಚೆ ವೈರ್ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೇರುತ್ತದೆ. ನೀರು ಆ ಜೋಲಿನ ತಳದಿಂದ ಹೊರಗೇ ತೊಟ್ಟಿಕ್ಕುತ್ತದೆ. ಕೆಟ್ಟ ತುದಿಯನ್ನು ನಾಲ್ಕು ಬೆರಳು ಕತ್ತರಿಸಿ ಹೊಸ ಪಿನ್ ಹಾಕಿಸಿದೆ. ಆ ಮಳೆಗಾಲ ಮುಗಿಯುವವರೆಗೆ ಮತ್ತೆ ಚೌಕ ಕಾಣಲಿಲ್ಲ.

ಪಿನ್ ಸರಿ ಇದ್ದೂ ಒಡೆಯುತ್ತಿದ್ದರೆ ಸ್ಪ್ಲಿಟರ್ ಹುಡುಕಿ. ಅನಲಾಗ್ ಕಾಲದಲ್ಲಿ ಎರಡು ಟಿವಿಗೆ ಹಂಚಲು ಹಾಕಿದ ಪುಟ್ಟ ಡಬ್ಬಿ ಶೋಕೇಸ್ ಹಿಂದೆ ಇನ್ನೂ ಕೂತಿರುತ್ತದೆ. ಎರಡು ದಾರಿಯ ಸ್ಪ್ಲಿಟರ್ ಪ್ರತಿ ದಾರಿಯಲ್ಲೂ ಸುಮಾರು 3.5 ಡೆಸಿಬಲ್ ತಿನ್ನುತ್ತದೆ. ಅಂದರೆ ಅರ್ಧಕ್ಕಿಂತ ಜಾಸ್ತಿ ಶಕ್ತಿ ಅಲ್ಲೇ ಹೋಯಿತು. ನಾಲ್ಕು ದಾರಿಯದಾದರೆ 7 ಡೆಸಿಬಲ್. ಬಳಸದಿದ್ದರೆ ಕಿತ್ತುಹಾಕಿ ವೈರ್ ನೇರ ಜೋಡಿಸಿ.

ಕೆಲವೇ ಚಾನೆಲ್ ಒಡೆದು ಉಳಿದವು ಚೆನ್ನಾಗಿದ್ದರೆ ಗಾಬರಿ ಬೇಡ. ಅದು ಒಳ್ಳೇ ಸುಳಿವು. ಡಿಜಿಟಲ್ ಕೇಬಲ್‌ನಲ್ಲಿ 8 ಮೆಗಾಹರ್ಟ್ಸ್ ಅಗಲದ ಒಂದು ಬಂಡಿಯಲ್ಲಿ ಹಲವು ಚಾನೆಲ್ ಒಟ್ಟಿಗೆ ಕೂತು ಬರುತ್ತವೆ. ಒಂದು ಬಂಡಿಯ ಸಿಗ್ನಲ್ ಕೆಟ್ಟರೆ ಅದರಲ್ಲಿ ಕೂತವು ಮಾತ್ರ ಒಡೆಯುತ್ತವೆ. ನಮ್ಮಲ್ಲಿ ಒಮ್ಮೆ ಎರಡು ಕನ್ನಡ, ಒಂದು ತೆಲುಗು, ಒಂದು ಭಕ್ತಿ ಚಾನೆಲ್ ಮಾತ್ರ ಒಡೆಯುತ್ತಿದ್ದವು. ನಾಲ್ಕರ ನಂಬರ್ ಚೀಟಿಯಲ್ಲಿ ಬರೆದು "ದಾದಾ, ಫಕ್ತ ಹೇ ಚಾರ್ ಚಾನೆಲ್ ತುಟತಾತ್" ಅಂತ, ಈ ನಾಲ್ಕು ಚಾನೆಲ್ ಮಾತ್ರ ಒಡೆಯುತ್ತವೆ ಅಂತ ಮರಾಠಿಯಲ್ಲಿ ಹೇಳಿ, ಕೈಗೆ ಕೊಟ್ಟೆ. ಕೇಬಲ್‌ವಾಲಾ ಈ ಸಲ ಮನೆಯೊಳಗೆ ಬರಲೇ ಇಲ್ಲ. ನೇರ ಮೆಟ್ಟಿಲ ಪಕ್ಕದ ಆಂಪ್ಲಿಫೈಯರ್ ತೆರೆದ. "ಚಿತ್ರ ಬರ್ತಿಲ್ಲ" ಅನ್ನುವುದಕ್ಕೂ "ಈ ನಾಲ್ಕು ಬರ್ತಿಲ್ಲ" ಅನ್ನುವುದಕ್ಕೂ ಅಷ್ಟು ವ್ಯತ್ಯಾಸ ಇದೆ.

ನೀಲಿ, ಕಪ್ಪು, ಕಪ್ಪು-ಬಿಳುಪು

ನಮ್ಮ ಮೊದಲ ದಿನದ ನೀಲಿ ಪರದೆಯ ಕಾರಣ ಹೇಳಿದರೆ ನಗುತ್ತೀರಿ. ಡಾಂಗಲ್‌ಗೆ ಎರಡು ದಾರಿ ಇರುತ್ತವೆ, ಹಳದಿ ಪಿನ್‌ನ ಕಾಂಪೊಸಿಟ್, ದುಂಡಗಿನ ಪಿನ್‌ನ ಎಸ್-ವಿಡಿಯೋ. ವೈರ್ ಹಳದಿಗೆ ಹಾಕಿದ್ದೆ, ಸೆಟ್ಟಿಂಗ್ ಎಸ್-ವಿಡಿಯೋದಲ್ಲಿತ್ತು. ಒಬಿಎಸ್‌ನಲ್ಲಿ ಆ ಡಾಂಗಲ್‌ನ ಪ್ರಾಪರ್ಟೀಸ್ ತೆರೆದರೆ ಕ್ರಾಸ್‌ಬಾರ್ ಅನ್ನುವ ಬಟನ್ ಇದೆ, ಅಲ್ಲಿ ಕಾಂಪೊಸಿಟ್ ಆರಿಸಬೇಕು.

ಪರದೆ ಕಪ್ಪಗಿದ್ದರೆ ಬೇರೆ ಯಾವುದಾದರೂ ಪ್ರೋಗ್ರಾಮ್ ಡಾಂಗಲ್ ಹಿಡಿದುಕೊಂಡಿದೆಯಾ ನೋಡಿ. ಒಂದು ಸಲಕ್ಕೆ ಒಬ್ಬರಿಗೇ ಅದು ಸಿಗೋದು. ವಿಎಲ್‌ಸಿಯಲ್ಲಿ ತೆರೆದು ನೋಡಿ, ಮುಚ್ಚದೆ ಒಬಿಎಸ್‌ಗೆ ಹೋದರೆ ಕಪ್ಪೇ ಗತಿ. ವಿಂಡೋಸ್ 10 ಮತ್ತು 11ರಲ್ಲಿ ಪ್ರೈವೆಸಿ ಸೆಟ್ಟಿಂಗ್ ಒಳಗೆ ಕ್ಯಾಮೆರಾ, ಮೈಕ್ರೊಫೋನ್ ಅನುಮತಿ ಇವೆ. ವಿಂಡೋಸ್ ಪಾಲಿಗೆ ಡಾಂಗಲ್‌ನ ಚಿತ್ರ ಒಂದು ಕ್ಯಾಮೆರಾ, ಅದರ ಸದ್ದು ಒಂದು ಮೈಕ್. ಚಿತ್ರ ಬಂದು ಸದ್ದು ಮಾತ್ರ ಬಾರದಿದ್ದರೆ ಹತ್ತರಲ್ಲಿ ಐದು ಸಲ ಈ ಮೈಕ್ ಅನುಮತಿಯೇ ಕಾರಣ ಅಂತ ನನ್ನ ಲೆಕ್ಕ.

ಡಾಂಗಲ್ ಕಂಪ್ಯೂಟರ್‌ಗೆ ಕಾಣಿಸುವುದೇ ಇಲ್ಲವೇ? ಹೊರಗಿನಿಂದ ಅವಳಿ ಮಕ್ಕಳಂತೆ ಕಾಣುವ ಈ ಡಾಂಗಲ್‌ಗಳ ಒಳಗೆ ಬೇರೆ ಬೇರೆ ಚಿಪ್ ಇರುತ್ತವೆ, ಎಸ್‌ಟಿಕೆ1160, ಇಎಂ2860, ಯುಟಿವಿ007 ಹೀಗೆ. ಒಂದರ ಡ್ರೈವರ್ ಇನ್ನೊಂದಕ್ಕೆ ಒಗ್ಗದು. ಜೊತೆಗೆ ಬಂದ ಸಿಡಿಯನ್ನು ನಂಬುವ ಮುಂಚೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಐಡಿ ನೋಡಿ, ಯಾವ ಚಿಪ್ ಅಂತ ಪತ್ತೆ ಹಚ್ಚಿ. ಈ ಮೂರಕ್ಕೂ ಲಿನಕ್ಸ್ ಒಳಗೇ ಡ್ರೈವರ್ ಇದೆ, ಹಾಗಾಗಿ ಅಲ್ಲಿ ಈ ತಲೆನೋವು ಕಡಿಮೆ.

ಇನ್ನು ಕಪ್ಪು-ಬಿಳುಪು. ಮಾವ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದರು.

"ಅಳಿಯಾ, ಎಲ್ಲಾ ಕಪ್ಪು-ಬಿಳುಪು ಬರಾಕತ್ತೈತಿ. ರಾಜಕುಮಾರ್ ಸಿನಿಮಾ ಅದ, ಅದಕ್ಕ ಹಂಗ ಇರಬೇಕು ಅಂತ ಬಿಟ್ಟಿದ್ದೆ. ಈಗ ವಾರ್ತೆನೂ ಹಂಗ ಬಂತು."

"ಮಾವ, ಚಿತ್ರ ಮೇಲೆ ಕೆಳಗೆ ಉರುಳುತ್ತದಾ?"

"ಸ್ವಲ್ಪ ಜಿಗೀತದ. ತಳದಾಗ ಒಂದು ಪಟ್ಟಿ ಕೊಯ್ದಂಗ ಆಗೇತಿ."

ಅಷ್ಟು ಸಾಕು. ನಮ್ಮಲ್ಲಿ ಟಿವಿ ಪಾಲ್ ಪದ್ಧತಿಯದು, ಒಂದು ಚಿತ್ರಕ್ಕೆ 576 ಗೆರೆ, ಸೆಕೆಂಡಿಗೆ 25 ಚಿತ್ರ. ಡಾಂಗಲ್ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಕೂತಿತ್ತು, 480 ಗೆರೆ, ಸೆಕೆಂಡಿಗೆ ಸುಮಾರು 30. ಬಣ್ಣವನ್ನು ಹೊತ್ತು ತರುವ ಫ್ರೀಕ್ವೆನ್ಸಿಯೂ ಬೇರೆ, ಪಾಲ್‌ಗೆ 4.43 ಮೆಗಾಹರ್ಟ್ಸ್, ಎನ್‌ಟಿಎಸ್‌ಸಿಗೆ 3.58. ಅಲ್ಲಿ ಬಣ್ಣ ಹುಡುಕಿದರೆ ಎಲ್ಲಿ ಸಿಗಬೇಕು? ಪ್ರಾಪರ್ಟೀಸ್‌ನ ವಿಡಿಯೋ ಡಿಕೋಡರ್ ಪುಟದಲ್ಲಿ ಪಾಲ್-ಬಿ ಆರಿಸಿ ಅಂದೆ. ಬಾಕ್ಸ್‌ನ ಮೆನುವಿನಲ್ಲೂ ಟಿವಿ ಔಟ್‌ಪುಟ್ ಪಾಲ್ ಇರಬೇಕು. ಮಗು ರಿಮೋಟ್ ಒತ್ತಿ ಬದಲಿಸಿದ ಮನೆಗಳೂ ಉಂಟು.

ಬಾಕ್ಸ್‌ನಲ್ಲಿ ಮೂರು ತೂತಿನ ಬದಲು ಹೆಡ್‌ಫೋನ್ ತೂತಿನಂಥದ್ದು ಒಂದೇ ಇದ್ದರೆ ಇನ್ನೊಂದು ತಮಾಷೆ ಆಗುತ್ತದೆ. ಆ ವೈರ್‌ನ ಪಿನ್‌ನಲ್ಲಿ ನಾಲ್ಕು ಉಂಗುರಗಳಿವೆ. ಯಾವ ಉಂಗುರಕ್ಕೆ ಚಿತ್ರ, ಯಾವುದಕ್ಕೆ ಸದ್ದು ಅನ್ನುವುದು ಕಂಪನಿಗೊಂದು ರೀತಿ. ತಪ್ಪು ವೈರ್ ಹಾಕಿದರೆ ಚಿತ್ರ ಕೆಂಪು ಪಿನ್‌ನಿಂದ ಬರಬಹುದು. ಹೊಸ ವೈರ್ ತರುವ ಮುಂಚೆ ಮೂರೂ ಬಣ್ಣವನ್ನು ಒಂದೊಂದಾಗಿ ಹಳದಿ ತೂತಿಗೆ ಚುಚ್ಚಿ ನೋಡಿ.

ಬಾಚಣಿಗೆ ಹಲ್ಲು, ಸೊರಗಿದ ಮುಖ

ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಕಂಡರೆ ಅದು ಇಂಟರ್‌ಲೇಸ್. ಪಾಲ್ ಚಿತ್ರ ಸೆಕೆಂಡಿಗೆ 50 ಅರ್ಧ ಚಿತ್ರಗಳಾಗಿ ಬರುತ್ತದೆ, ಒಮ್ಮೆ ಸರಿ ಗೆರೆ, ಒಮ್ಮೆ ಬೆಸ ಗೆರೆ. ಒಬಿಎಸ್‌ನಲ್ಲಿ ಡಾಂಗಲ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಡೀಇಂಟರ್‌ಲೇಸಿಂಗ್‌ನಲ್ಲಿ ಯಾಡಿಫ್ ಆರಿಸಿ. ಅಳತೆ 720×576 ಇರಲಿ. 640×480ಕ್ಕೆ ಕುಗ್ಗಿಸಿದರೆ ಎರಡು ಅರ್ಧಗಳು ಕಲಸಿಹೋಗುತ್ತವೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಮುಖ ಸೊರಗಿದಂತೆಯೋ ಊದಿದಂತೆಯೋ ಕಂಡರೆ ಹೊರಗೆ ಬರುವ ಅಳತೆ ಬದಲಿಸಿ. 4:3ಕ್ಕೆ 768×576, 16:9ಕ್ಕೆ 1024×576.

ಜೇನುಹುಳದ ಸದ್ದು

ನನಗೆ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿದದ್ದು ಇದು. "ಕಿವಿಯಾಗ ಜೇನುಹುಳ ಹೊಕ್ಕಂಗ ಆಗೇತಿ" ಅಂತ ಅವ್ವ ಹೇಳಿದಾಗ ಮೊದಲು ಅವಳ ಕಿವಿಯ ಮೇಲೇ ಅನುಮಾನ ಪಟ್ಟೆ. ಹೆಡ್‌ಫೋನ್ ಹಾಕಿ ಕೇಳಿದರೆ ನಿಜ. ಮಾತಿನ ಹಿಂದೆ ಒಂದೇ ಸಮನೆ ಗುಂಯ್. ಚಿತ್ರದಲ್ಲೂ ಒಂದು ಮಸುಕು ಪಟ್ಟಿ ನಿಧಾನವಾಗಿ ಮೇಲಕ್ಕೆ ತೇಲುತ್ತಿತ್ತು. ಅನಲಾಗ್ ರೋಗದ ಲಕ್ಷಣ, ಹಾಗಾಗಿ ಬಾಕ್ಸ್‌ನ ಈಚೆ ಹುಡುಕಿದೆ. ಎವಿ ವೈರ್ ಬದಲಿಸಿದೆ. ಡಾಂಗಲ್ ಬದಲಿಸಿದೆ. ಗುಂಯ್ ಹೋಗಲಿಲ್ಲ.

ಒಂದು ಸಂಜೆ ರೆಕಾರ್ಡಿಂಗ್ ನಡೆಯುತ್ತಿರುವಾಗ ಬಾಕ್ಸ್‌ನಿಂದ ಕೇಬಲ್ ವೈರನ್ನು ಬಿಚ್ಚಿದೆ. ಬಿಚ್ಚುವಾಗ ಬೆರಳಿಗೆ ಇರುವೆ ಕಚ್ಚಿದ ಹಾಗೆ ಜುಮ್ ಅಂತು. ಚಿತ್ರ ನಿಂತಿತು, ಅದು ಸಹಜ. ಜೊತೆಗೆ ಗುಂಯ್ ಕೂಡ ನಿಂತಿತು. ಮತ್ತೆ ವೈರ್‌ನ ಹೊರಗಿನ ಲೋಹವನ್ನು ಬಾಕ್ಸ್‌ನ ಪಿನ್‌ಗೆ ಸುಮ್ನೆ ತಾಗಿಸಿದೆ, ತಿರುಗಿಸಲಿಲ್ಲ. ಗುಂಯ್ ಬಂತು. ತೆಗೆದೆ, ಹೋಯಿತು. ಕಾರಣ ಸಿಕ್ಕಿತು.

ಕೇಬಲ್ ವೈರ್‌ನ ಹೊರ ಜಾಲರಿ ಮೆಟ್ಟಿಲ ಬಳಿಯ ಆಂಪ್ಲಿಫೈಯರ್‌ನ ಅರ್ತ್‌ಗೆ ಸೇರಿದೆ. ನಮ್ಮ ಕಂಪ್ಯೂಟರ್ ಮೂರು ಪಿನ್‌ನದು, ಮನೆಯ ಅರ್ತ್‌ಗೆ ಸೇರಿದೆ. ಎರಡು ಅರ್ತ್‌ಗಳ ನಡುವೆ ಒಂದಿಷ್ಟು ವೋಲ್ಟ್ ವ್ಯತ್ಯಾಸ ಇತ್ತು. ಈ ಎರಡನ್ನೂ ಜೋಡಿಸುವ ಸೇತುವೆ ಅಂದರೆ ನಮ್ಮ ಬಡಪಾಯಿ ಎವಿ ವೈರ್. ಅದರ ಹೊರ ಪದರದಲ್ಲಿ 50 ಹರ್ಟ್ಸ್‌ನ ಕರೆಂಟ್ ಹರಿದು ಸದ್ದಿಗೆ, ಚಿತ್ರಕ್ಕೆ ಎರಡಕ್ಕೂ ಅಂಟಿಕೊಳ್ಳುತ್ತಿತ್ತು. ಗ್ರೌಂಡ್ ಲೂಪ್ ಅಂತ ಇದರ ಹೆಸರು. ಲ್ಯಾಪ್‌ಟಾಪ್ ಇದ್ದವರಿಗೆ ಪರೀಕ್ಷೆ ಇನ್ನೂ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ. ಗುಂಯ್ ಮಾಯವಾದರೆ ಇದೇ.

ಬಾಕ್ಸನ್ನೂ ಕಂಪ್ಯೂಟರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದರೆ ಕೆಲವು ಮನೆಗಳಲ್ಲಿ ಅಷ್ಟಕ್ಕೇ ಸದ್ದು ಇಳಿಯುತ್ತದೆ. ನಮ್ಮಲ್ಲಿ ಇಳಿಯಲಿಲ್ಲ, ಯಾಕೆಂದರೆ ಜಗಳ ಕೇಬಲ್‌ನ ಅರ್ತ್ ಜೊತೆಗೆ. ಕೇಬಲ್ ವೈರ್ ಮತ್ತು ಬಾಕ್ಸ್ ನಡುವೆ ಹಾಕುವ ಐಸೊಲೇಟರ್ ಅನ್ನುವ ಬೆರಳುದ್ದದ ಸಾಮಾನು ಸಿಗುತ್ತದೆ. ಸಿಗ್ನಲ್ ಬಿಡುತ್ತದೆ, 50 ಹರ್ಟ್ಸ್ ಕರೆಂಟ್ ಬಿಡುವುದಿಲ್ಲ. ಅದನ್ನು ಹಾಕಿದ ಮೇಲೆ ಜೇನುಹುಳ ಹಾರಿಹೋಯಿತು. ಸದ್ದಿನ ತೊಂದರೆ ಮಾತ್ರ ಇದ್ದರೆ ಕೆಂಪು-ಬಿಳಿ ವೈರ್ ನಡುವೆ ಹಾಕುವ ಆಡಿಯೋ ಐಸೊಲೇಟರ್ ಕೂಡ ನಡೆಯುತ್ತದೆ.

ಕಂಪ್ಯೂಟರ್ ಪ್ಲಗ್‌ನ ದಪ್ಪ ಪಿನ್ ಮುರಿದು ಅರ್ತ್ ತಪ್ಪಿಸಿದರೂ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಹೋಗುತ್ತದೆ, ನಿಜ. ನಾಳೆ ಕಂಪ್ಯೂಟರ್ ಒಳಗೆ ಏನಾದರೂ ಸುಟ್ಟರೆ ಆ ಕರೆಂಟ್‌ಗೆ ಹೋಗಲು ಉಳಿಯುವ ದಾರಿ ಅದನ್ನು ಮುಟ್ಟಿದವರ ಮೈ. ಮಾಡಬೇಡಿ. ಕೇಬಲ್ ವೈರ್ ಮುಟ್ಟಿದರೆ ಜುಮ್ ಅನ್ನದೆ ಜೋರಾಗಿ ಹೊಡೆದರೆ ಎಲ್ಲ ಬಿಟ್ಟು ಮೊದಲು ವೈರ್‌ಮನ್ ಕರೆಸಿ.

ತುಟಿ ಒಂದು ಕಡೆ, ಮಾತು ಒಂದು ಕಡೆ

ಇದನ್ನು ಹಿಡಿಯಲು ಕ್ರಿಕೆಟ್ ಮ್ಯಾಚ್‌ನಷ್ಟು ಒಳ್ಳೇದು ಬೇರೆ ಇಲ್ಲ. ಬ್ಯಾಟ್‌ಗೆ ಚೆಂಡು ತಾಗುವುದು ಕಾಣುತ್ತದೆ, ಸ್ಟಂಪ್ ಮೈಕ್‌ನಲ್ಲಿ ಠಕ್ ಕೇಳುತ್ತದೆ. ರೆಕಾರ್ಡಿಂಗ್‌ನ ಮೊದಲ ಓವರ್ ನೋಡಿ, ಕೊನೆಯ ಓವರ್ ನೋಡಿ.

ಎರಡರಲ್ಲೂ ಒಂದೇ ಅಂತರ ಇದ್ದರೆ ಸುಲಭ. ಒಬಿಎಸ್‌ನ ಅಡ್ವಾನ್ಸ್‌ಡ್ ಆಡಿಯೋ ಪುಟದಲ್ಲಿ ಸಿಂಕ್ ಆಫ್‌ಸೆಟ್ ಅಂತ ಇದೆ, ಅಷ್ಟು ಮಿಲಿಸೆಕೆಂಡ್ ಸರಿಸಿ. ಮೊದಲು ಸರಿ ಇದ್ದು ಹೋಗ್ತಾ ಹೋಗ್ತಾ ಅಂತರ ಬೆಳೆದರೆ ಅದು ಎರಡು ಗಡಿಯಾರಗಳ ಜಗಳ. ಮಾವ ಚಿತ್ರವನ್ನು ಡಾಂಗಲ್‌ಗೆ ಕೊಟ್ಟು, ಸದ್ದನ್ನು ಕಂಪ್ಯೂಟರ್‌ನ ನೀಲಿ ಲೈನ್-ಇನ್ ತೂತಿಗೆ ಕೊಟ್ಟಿದ್ದರು. ಎರಡೂ ತಮ್ಮ ತಮ್ಮ ಸ್ಫಟಿಕದ ತಾಳಕ್ಕೆ ನಡೆಯುತ್ತವೆ. ಹತ್ತು ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಇದ್ದರೂ ಗಂಟೆಗೆ 0.36 ಸೆಕೆಂಡ್. ಮೂರು ಗಂಟೆಯ ಸಿನಿಮಾ ಮುಗಿಯುವ ಹೊತ್ತಿಗೆ ಒಂದು ಸೆಕೆಂಡ್ ದಾಟುತ್ತದೆ. ಸದ್ದನ್ನೂ ಡಾಂಗಲ್‌ನಿಂದಲೇ ತೆಗೆದುಕೊಳ್ಳಿ, ವಿಂಡೋಸ್‌ನಲ್ಲೂ ಒಬಿಎಸ್‌ನಲ್ಲೂ ಸ್ಯಾಂಪಲ್ ರೇಟ್ 48,000 ಇಡಿ. ಆಮೇಲೂ ಬೆಳೆದರೆ ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿ ತೆರೆದು ಫ್ರೇಮ್, ಅಂದರೆ ಒಂದೊಂದು ಚಿತ್ರ, ನಡುವೆ ತಪ್ಪಿ ಬೀಳುತ್ತಿವೆಯಾ ನೋಡಿ. ಬೀಳುತ್ತಿದ್ದರೆ ಕಂಪ್ಯೂಟರ್‌ಗೆ ಭಾರ ಜಾಸ್ತಿ, ಅಥವಾ ಡಾಂಗಲನ್ನು ಪ್ರಿಂಟರ್ ಜೊತೆ ಒಂದೇ ಹಬ್‌ಗೆ ಚುಚ್ಚಿದ್ದೀರಿ. ಹಿಂಬದಿಯ ಯುಎಸ್‌ಬಿ ತೂತಿಗೆ ನೇರ ಹಾಕಿ.

ನಡುವೆಯೇ ನಿಲ್ಲುತ್ತದೆ

ಯಾವಾಗ ನಿಲ್ಲುತ್ತದೆ ಅನ್ನುವುದನ್ನು ಗಡಿಯಾರ ನೋಡಿ ಬರೆದಿಡಿ. ಪ್ರತಿ ಸಲ ಒಂದೇ ಹೊತ್ತಿಗೆ ನಿಂತರೆ ಕಾರಣ ಅರ್ಧ ಸಿಕ್ಕಂತೆ. ನಮ್ಮಲ್ಲಿ ಸರಿಯಾಗಿ ಒಂದು ಗಂಟೆ ಹತ್ತು ನಿಮಿಷಕ್ಕೆ ನಿಲ್ಲುತ್ತಿತ್ತು. ಆಗ ಎಂಪೆಗ್-2 ಅನ್ನುವ ಹಳೇ ಪದ್ಧತಿಯಲ್ಲಿ ಸೆಕೆಂಡಿಗೆ 8 ಮೆಗಾಬಿಟ್ ಇಟ್ಟಿದ್ದೆ, ಪೆನ್‌ಡ್ರೈವ್‌ಗೆ ಬರೆಯುತ್ತಿದ್ದೆ. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಫಾರ್ಮ್ಯಾಟ್‌ನಲ್ಲಿತ್ತು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಲೆಕ್ಕ ಹಾಕಿದರೆ ಎಪ್ಪತ್ತು ನಿಮಿಷಕ್ಕೇ ಬರುತ್ತದೆ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದೆ, ಮುಗಿಯಿತು.

ಹೊತ್ತು ಗೊತ್ತಿಲ್ಲದೆ ನಿಂತರೆ ಕಂಪ್ಯೂಟರ್ ನಿದ್ದೆಗೆ ಹೋಗಿರಬಹುದು, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಾಂಗಲನ್ನು ಮಲಗಿಸಿರಬಹುದು, ಅಪ್‌ಡೇಟ್ ಬಂದು ರೀಸ್ಟಾರ್ಟ್ ಆಗಿರಬಹುದು. ಪವರ್ ಆಪ್ಷನ್ಸ್‌ನಲ್ಲಿ ಮೊದಲೆರಡನ್ನು ಆಫ್ ಮಾಡಿ. ಅಪ್‌ಡೇಟ್‌ಗೆ ಆಕ್ಟಿವ್ ಅವರ್ಸ್‌ನಲ್ಲಿ ಸಂಜೆಯನ್ನು ಸೇರಿಸಿ.

ಗುರುವಾರದ ರೆಕಾರ್ಡಿಂಗ್ ಬೇರೆಯೇ ಕಥೆ. ಪುಣೆಯಲ್ಲಿ ಇರುವವರಿಗೆ ಗುರುವಾರದ ಕರೆಂಟ್ ಗೊತ್ತಿರುವುದೇ. ದುರಸ್ತಿಗೆ ಅಂತ ಬೆಳಿಗ್ಗೆ ತೆಗೆದರೆ ಯಾವಾಗ ಬಂದೀತು ಹೇಳಲಾಗದು. ರೆಕಾರ್ಡಿಂಗ್ ನಡುವೆ ಕರೆಂಟ್ ಹೋದರೆ ಸಾದಾ ಎಂಪಿ4 ಫೈಲ್ ತೆರೆಯುವುದೇ ಇಲ್ಲ, ಅದರ ವಿಳಾಸಪಟ್ಟಿ ಬರೆಯುವುದು ಕೊನೆಗೆ. ಎಂಕೆವಿಯಲ್ಲಿ ಇಟ್ಟರೆ ಕರೆಂಟ್ ಹೋಗುವವರೆಗಿನದಾದರೂ ಉಳಿಯುತ್ತದೆ. ಬೇಕಾದರೆ ಒಬಿಎಸ್‌ನ ರೀಮಕ್ಸ್‌ನಲ್ಲಿ ಆಮೇಲೆ ಎಂಪಿ4 ಮಾಡಿಕೊಳ್ಳಿ. ಕಂಪ್ಯೂಟರ್‌ಗೆ ಯುಪಿಎಸ್ ಇದೆ, ನಮಗೇನು ಅಂತ ನಾನೂ ಅಂದುಕೊಂಡಿದ್ದೆ. ಯುಪಿಎಸ್ ಮೇಲೆ ಕಂಪ್ಯೂಟರ್ ಓಡಿತು, ಬಾಕ್ಸ್ ಓಡಲಿಲ್ಲ. ಬಾಕ್ಸನ್ನೂ ಯುಪಿಎಸ್‌ಗೆ ಹಾಕಿದೆ. ಮೆಟ್ಟಿಲ ಪಕ್ಕದ ಆಂಪ್ಲಿಫೈಯರ್ ಸೊಸೈಟಿಯ ಕರೆಂಟ್‌ನಲ್ಲಿದೆ, ಅದು ಸತ್ತರೆ ಸಿಗ್ನಲ್ ಎಲ್ಲಿಂದ? ಆದರೂ ಲಾಭ ಒಂದಿದೆ. ಕರೆಂಟ್ ಹೋಗಿ ಬಂದರೆ ನಮ್ಮ ಬಾಕ್ಸ್ ಕೇಬಲ್‌ನವರ ಜಾಹೀರಾತು ಚಾನೆಲ್‌ನಲ್ಲಿ ಎದ್ದು ಕೂರುತ್ತದೆ. ಯುಪಿಎಸ್ ಮೇಲೆ ಇದ್ದರೆ ಹಾಕಿದ ಚಾನೆಲ್‌ನಲ್ಲೇ ಉಳಿಯುತ್ತದೆ.

ಕೆಟ್ಟಿಲ್ಲ, ಆದರೂ ಕೆಟ್ಟಂತೆ ಕಾಣುವವು

ಧಾರಾವಾಹಿ ನಡುವೆ ಪರದೆಯ ಯಾವುದೋ ಮೂಲೆಯಲ್ಲಿ ಉದ್ದದ ಒಂದು ನಂಬರ್ ಮಿಂಚಿ ಹೋಗುತ್ತದೆ. ಅದು ನಿಮ್ಮ ಬಾಕ್ಸ್‌ನ ಗುರುತು, ಫಿಂಗರ್‌ಪ್ರಿಂಟ್ ಅನ್ನುತ್ತಾರೆ. ಕದ್ದು ಪ್ರಸಾರ ಮಾಡಿದವರನ್ನು ಹಿಡಿಯಲು ಇರುವಂಥದ್ದು. ರೆಕಾರ್ಡಿಂಗ್‌ನಲ್ಲೂ ಅದು ಬರುತ್ತದೆ. ಯಾರದೋ ಗ್ರೂಪಿಗೆ ಕ್ಲಿಪ್ ಹಾಕುವ ಆಸೆ ಬಂದರೆ ಆ ನಂಬರ್ ನೆನಪಿರಲಿ.

ಕೆಲವು ಚಾನೆಲ್‌ಗಳಲ್ಲಿ ಚಿತ್ರ ಉಸಿರಾಡಿದಂತೆ ಬೆಳಕು ಜಾಸ್ತಿ ಕಡಿಮೆ ಆಗುತ್ತಿದ್ದರೆ ಅದು ಹಳದಿ ವೈರ್‌ನಲ್ಲೂ ಬರುವ ಕಾಪಿ ತಡೆ ಇರಬಹುದು. ಬೇರೆ ಚಾನೆಲ್ ಸರಿ ಇದ್ದರೆ ಡಾಂಗಲನ್ನು ಬೈಯಬೇಡಿ, ಆ ಚಾನೆಲ್ಲನ್ನು ಬಿಟ್ಟುಬಿಡಿ.

ಕನ್ನಡ ಚಾನೆಲ್ ಇದ್ದಕ್ಕಿದ್ದ ಹಾಗೆ ಮಾಯವಾದರೆ ಪ್ಯಾಕ್ ನೋಡಿ. 2019ರ ಫೆಬ್ರವರಿಯಿಂದ ಬೇಕಾದ ಚಾನೆಲ್ ಆರಿಸಿ ದುಡ್ಡು ಕೊಡುವ ನಿಯಮವನ್ನು ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ತಂದಿದೆ. ಪುಣೆಯ ಕೇಬಲ್‌ನವರ ಸಿದ್ಧ ಪ್ಯಾಕ್‌ನಲ್ಲಿ ಮರಾಠಿ, ಹಿಂದಿ ಇರುತ್ತವೆ, ಕನ್ನಡವನ್ನು ನಾವೇ ಕೇಳಿ ಹಾಕಿಸಿಕೊಳ್ಳಬೇಕು. ಪ್ಯಾಕ್ ಬದಲಾದಾಗ ಮತ್ತೆ ಕೇಳಬೇಕು.

ಇನ್ನು, ಧಾರಾವಾಹಿ ಶುರುವಾಗಿ ಹತ್ತು ನಿಮಿಷಕ್ಕೆ ಕ್ರಿಕೆಟ್ ಆಗುವುದು. ಕಂಪ್ಯೂಟರ್ ಬರೆಯುವುದು ಬಾಕ್ಸ್ ತೋರಿಸಿದ್ದನ್ನು. ಹಾಲ್‌ನಲ್ಲಿ ಕೂತ ನನ್ನ ಮಗ ಅದೇ ಬಾಕ್ಸ್‌ನ ರಿಮೋಟ್ ಒತ್ತಿದರೆ ರೆಕಾರ್ಡಿಂಗ್‌ನಲ್ಲೂ ಅದೇ. ಇದಕ್ಕೆ ಸೆಟ್ಟಿಂಗ್ ಇಲ್ಲ. ಎರಡನೇ ಬಾಕ್ಸ್ ತೆಗೆದುಕೊಂಡೆವು, ಅದು ಕಂಪ್ಯೂಟರ್ ಮೇಜಿನ ಮೇಲೆ ಅವ್ವನ ಚಾನೆಲ್‌ನಲ್ಲೇ ಕೂತಿರುತ್ತದೆ. ಮೂರು-ನಾಲ್ಕು ಗಂಟೆ ಯಾರೂ ರಿಮೋಟ್ ಮುಟ್ಟದಿದ್ದರೆ ಆ ಬಾಕ್ಸ್ ತಾನೇ ಮಲಗುತ್ತಿತ್ತು. ಮೆನುವಿನಲ್ಲಿ ಆಟೋ ಸ್ಟ್ಯಾಂಡ್‌ಬೈ ಆಫ್ ಮಾಡಿದ ಮೇಲೆ ಎಚ್ಚರ ಇದೆ. ಅದರ ರಿಮೋಟನ್ನು ಅವ್ವ ಸೆಲ್ ಕಿತ್ತು, ತನ್ನ ಎಲೆ ಅಡಿಕೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ.